ಗಣಕದ ವ್ಯವಸ್ಥೆ ಬದಲಾದಾಗ: ವಾಚನಾಲಯದ ಸದಸ್ಯರಿಗೆ ಒಂದು ಪಾಠ



ನಮ್ಮ ಉಚಿತ ವಾಚನಾಲಯದ ಎರಡು ಗಣಕಯಂತ್ರಗಳ ವ್ಯವಸ್ಥೆಯನ್ನು ೨೦೨೫ರ ನವೆಂಬರಿನಲ್ಲಿ ಬದಲಾಯಿಸಿದ ಸಂಗತಿ ತಮಗೆಲ್ಲ ತಿಳಿದದ್ದೇ. ಅಂದಿನಿಂದ ಸೂಚನೆಗಳ ಪುಸ್ತಕದಲ್ಲಿ ಬಂದ ಬರಹಗಳನ್ನು ಓದಿದ ಹೊಸಬರು, ಇಲ್ಲಿ ಏನೋ ದೊಡ್ಡ ಅನಾಹುತವಾಗಿದೆಯೆಂದೇ ತಿಳಿದಾರು. ‘ಗಣಕ ಕೆಟ್ಟಿದೆ’, ‘ಕನ್ನಡ ಬರುವುದಿಲ್ಲ’, ‘ಮೊದಲಿನದನ್ನೇ ಹಾಕಿರಿ’ ಎಂಬ ಮಾತುಗಳು ಪುಟಪುಟಕ್ಕೂ ಇವೆ. ಒಬ್ಬ ಮಹನೀಯರು ಏನನ್ನೂ ಬರೆಯದೆ, ಇಡೀ ಪುಟಕ್ಕೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದು ಕೆಳಗೆ ರುಜು ಹಾಕಿದ್ದಾರೆ.

ಬದಲಾವಣೆಯ ಕೆಲಸವನ್ನು ಸಮಿತಿಯವರು ನನಗೆ ಒಪ್ಪಿಸಿದ್ದರು. ಆದುದರಿಂದ ಉತ್ತರ ಹೇಳುವ ಹೊಣೆಯೂ ನನ್ನದೇ. ನಾನು ಮೆಟ್ರಿಕ್ ಓದಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವನು; ಗಣಕಶಾಸ್ತ್ರದ ಪಂಡಿತನಲ್ಲ. ಹಗಲು ಗಿರಣಿಯಲ್ಲಿ ಒಂದು ವ್ಯವಸ್ಥೆ, ಸಂಜೆ ವಾಚನಾಲಯದಲ್ಲಿ ಇನ್ನೊಂದು, ಹೀಗೆ ದಿನವೂ ಎರಡು ದೋಣಿಗಳಲ್ಲಿ ಕಾಲಿಟ್ಟು ಹಲವು ಸಲ ನೀರಿಗೆ ಬಿದ್ದವನು. ಬಿದ್ದವನಿಗೆ ಎಲ್ಲಿ ಜಾರುತ್ತದೆಂಬುದು ಗೊತ್ತಿರುತ್ತದೆ. ಅಷ್ಟೇ ನನ್ನ ಅಧಿಕಾರ.

೧. ಬದಲಾವಣೆ ಏಕೆ ಬಂತು?

ಗಣಕದ ಪೆಟ್ಟಿಗೆ, ಪರದೆ, ಕೀಲಿಮಣೆ ಇವು ಮಗ್ಗವಿದ್ದಂತೆ. ಆ ಮಗ್ಗವನ್ನು ನಡೆಯಿಸಿ, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಕಾಗದ ಎಲ್ಲಿಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕನೇ ಆಪರೇಟಿಂಗ್ ಸಿಸ್ಟಮ್, ಎಂದರೆ ಕಾರ್ಯಾಚರಣ ವ್ಯವಸ್ಥೆ. ನಮ್ಮಲ್ಲಿ ಇದ್ದುದು ವಿಂಡೋಸ್ ೧೦. ಅದು ೨೦೧೫ರ ಜುಲೈಯಲ್ಲಿ ಹೊರಬಂದಿತ್ತು. ೨೦೨೫ರ ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಎಂದರೆ, ಹೊಸ ಹೊಸ ವೈರಸುಗಳಿಂದ ಕಾಪಾಡುವ ತಿದ್ದುಪಡಿಗಳು ಅಲ್ಲಿಗೆ ನಿಂತವು. ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ರಕ್ಷಣೆಯ ಏರ್ಪಾಡು ಇತ್ತಾದರೂ, ಅದು ಗಡುವನ್ನು ಮುಂದೂಡಿದಂತೆಯೇ ಹೊರತು ಪರಿಹಾರವಲ್ಲ.

ಹಾಗಾದರೆ ವಿಂಡೋಸ್ ೧೧ ಹಾಕಬಾರದಿತ್ತೆ ಎಂದು ಹಲವರು ಕೇಳಿದರು. ಅದಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಭಾಗವೂ, ಸುಮಾರಾಗಿ ೨೦೧೭ರಿಂದೀಚಿನ ಸಂಸ್ಕಾರಕವೂ ಬೇಕು. ನಮ್ಮ ಯಂತ್ರಗಳು ಅದಕ್ಕಿಂತ ಹಳೆಯವು. ಯಂತ್ರಗಳೇನೂ ಕೆಟ್ಟಿರಲಿಲ್ಲ, ವಯಸ್ಸಾಗಿತ್ತು, ಅಷ್ಟೆ. ಹೊಸದನ್ನು ಕೊಳ್ಳುವಷ್ಟು ಹಣವಿದ್ದಿದ್ದರೆ ಸಮಿತಿಯವರು ಮೊದಲು ಪುಸ್ತಕಗಳ ರಟ್ಟು ಕಟ್ಟಿಸುತ್ತಿದ್ದರು. ಹೀಗಿರಲು, ಬೆಲೆ ಕೊಡದೆ ಪಡೆಯಬಹುದಾದ ಲಿನಕ್ಸ್ ಮಿಂಟ್ ಎಂಬುದನ್ನು ಹಾಕಿದೆವು. ಇದಕ್ಕೆ ೨ ಜಿ.ಬಿ. ನೆನಪುಕೋಶವಿದ್ದರೂ ಸಾಕು, ೪ ಇದ್ದರೆ ಹಿತ. ಇದರ ತಿರುಳಾದ ಲಿನಕ್ಸನ್ನು ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಬರೆಯಲಾರಂಭಿಸಿದನು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ನಿಯಮದ ಮೇಲೆ ಅದು ಬೆಳೆದು ಬಂದಿದೆ. ಉಚಿತ ವಾಚನಾಲಯಕ್ಕೆ ಒಪ್ಪುವ ನಿಯಮವೇ ಸರಿ.

೨. ಕಾಕಾ ಅವರ ಪಟ್ಟಿ

ಆದರೆ ನವೆಂಬರಿನ ಮೊದಲ ವಾರವೇ ನನಗೆ ಮುಖಭಂಗವಾಯಿತು. ನಮ್ಮ ಪುಸ್ತಕಗಳ ಪಟ್ಟಿಯನ್ನು ಗಣಕಕ್ಕೆ ಏರಿಸಿದವರು, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯ ಸದಸ್ಯರು. ಎಂಬತ್ತರ ಹತ್ತಿರದ ವಯಸ್ಸು. ನಿವೃತ್ತರಾದ ಮೇಲೆ ಕನ್ನಡ ಬೆರಳಚ್ಚು ಕಲಿತು, ಎರಡು ವರ್ಷ ದಿನವೂ ಸಂಜೆ ಕುಳಿತು, ಕಪಾಟು ಕಪಾಟಾಗಿ ಆ ಪಟ್ಟಿಯನ್ನು ಸಿದ್ಧಪಡಿಸಿದ್ದರು. ಬದಲಾದ ಯಂತ್ರದಲ್ಲಿ ಅವರು ‘ಕನ್ನಡ’ ಎಂದು ಒತ್ತಿದರು. ಪರದೆಯ ಮೇಲೆ ‘ಕಲಿಲೈ’ ಎಂದು ಮೂಡಿತು. ಆಮೇಲೆ ತಮ್ಮ ಪಟ್ಟಿಯನ್ನು ತೆರೆದರು. ಅದರಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ. ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು.

‘ತಮ್ಮಾ, ನಿನ್ನ ಯಂತ್ರ ಕೆಟ್ಟದ ನೋಡು’ ಎಂದರು.

‘ಕೆಟ್ಟಿಲ್ರೀ ಕಾಕಾ, ಬರೀ ವ್ಯವಸ್ಥೆ ಬ್ಯಾರೆ ಆಗೇದ್ರೀ’ ಎಂದೆ.

‘ಹಂಗಾದ್ರ ಕೆಟ್ಟಾಂವ ನಾನs ಇರಬೇಕು’ ಎಂದು ಕನ್ನಡಕವನ್ನು ಕಿಸೆಯಲ್ಲಿಟ್ಟುಕೊಂಡು ಎದ್ದರು. ಮುಂದೆ ಮೂರು ವಾರ ವಾಚನಾಲಯಕ್ಕೆ ಬಂದರೂ ವೃತ್ತಪತ್ರಿಕೆಯ ಮೇಜು ಬಿಟ್ಟು ಈ ಕಡೆಗೆ ಬರಲಿಲ್ಲ. ನನ್ನ ಈ ಪಾಠಕ್ಕೆ ಕಾರಣ ಆ ಒಂದು ಮಾತು. ಕೆಟ್ಟದ್ದು ಯಂತ್ರವೂ ಅಲ್ಲ, ಮನುಷ್ಯನೂ ಅಲ್ಲ ಎಂಬುದನ್ನು ತಿಳಿದವರೆಲ್ಲರಿಗೆ ಹೇಳಬೇಕಾಗಿದೆ.

೩. ಕೈಯ ನೆನಪು ಬೇರೆ

ನಮ್ಮಲ್ಲಿ ನೆನಪು ಒಂದೇ ಬಗೆಯದಲ್ಲ. ಊರಿನ ಹೆಸರು, ತಾರೀಖು, ಪಾಠ ಇವನ್ನು ಇಟ್ಟುಕೊಳ್ಳುವ ನೆನಪು ಒಂದು; ಸೈಕಲ್ ತುಳಿಯುವುದು, ದಾರ ಗಂಟು ಹಾಕುವುದು, ಬೆರಳಚ್ಚು ಒತ್ತುವುದು ಇವನ್ನು ಇಟ್ಟುಕೊಳ್ಳುವುದು ಇನ್ನೊಂದು. ಇದು ಬರೀ ಊಹೆಯಲ್ಲ. ೧೯೫೩ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮಿದುಳಿನ ಶಸ್ತ್ರಕ್ರಿಯೆ ಮಾಡಿದರು. ಆ ಮೇಲೆ ಅವನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೆ, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಸೀಸದಕಡ್ಡಿ ಎಳೆಯುವ ಕೆಲಸ ಕೊಟ್ಟಳು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿದಿನವೂ ಅವನಿಗೆ ಆ ಕೆಲಸ ಹೊಚ್ಚ ಹೊಸದು! ತಾನು ಮಾಡಿದ್ದುಂಟೆಂಬುದೇ ಅವನಿಗೆ ತಿಳಿಯದು. ತಲೆ ಮರೆತಿತ್ತು, ಕೈ ಕಲಿತಿತ್ತು.

ನಮ್ಮ ಪೇಚು ಇದಕ್ಕೆ ತಿರುವುಮುರುವು. ‘ಹೊಸ ಯಂತ್ರದಲ್ಲಿ ಆ ಕೀಲಿ ಇಲ್ಲಿದೆ’ ಎಂದು ತಲೆ ಒಂದೇ ನಿಮಿಷದಲ್ಲಿ ಕಲಿಯುತ್ತದೆ. ಕೈ ಮಾತ್ರ ತನ್ನ ಹಳೆಯ ಜಾಗಕ್ಕೇ ಹೋಗುತ್ತದೆ. ಗೊತ್ತಿದ್ದೂ ತಪ್ಪಿದೆನಲ್ಲ ಎಂದು ನಾವು ನಮ್ಮ ಬುದ್ಧಿಯನ್ನು ಹಳಿದುಕೊಳ್ಳುತ್ತೇವೆ. ಬುದ್ಧಿಯದೇನೂ ದೋಷವಿಲ್ಲ. ಬಹುಕಾಲ ನಂಬಿಕೆಯಿಂದ ದುಡಿದ ಕೈಗೆ ಹೊಸ ಆಜ್ಞೆ ಇನ್ನೂ ಮುಟ್ಟಿಲ್ಲ, ಅಷ್ಟೆ. ಸ್ವಲ್ಪ ಆಲೋಚಿಸಿದರೆ, ಯಾರ ಕೈ ಹೆಚ್ಚು ಪಳಗಿತ್ತೋ ಅವರಿಗೇ ಹೆಚ್ಚು ತೊಂದರೆಯಾಗುವುದು ಸಹಜವೆಂದು ತೋರುತ್ತದೆ. ಎರಡು ಬೆರಳಿನಿಂದ ಹುಡುಕಿ ಹುಡುಕಿ ಒತ್ತುವ ನಮ್ಮ ಕಿರಿಯ ಸದಸ್ಯರಿಗೆ ವ್ಯವಸ್ಥೆ ಬದಲಾದುದು ಗೊತ್ತೇ ಆಗಲಿಲ್ಲ!

೪. ತಿರುವುಮುರುವಾದಾಗ

ಪೂರ್ತಿ ಹೊಸದನ್ನು ಕಲಿಯುವುದು ಅಷ್ಟು ಕಷ್ಟವಲ್ಲ. ಹಳೆಯದರಂತೆಯೇ ಕಂಡು, ಒಂದು ಕಡೆ ಮಾತ್ರ ತಿರುಗಿ ನಿಂತದ್ದನ್ನು ಕಲಿಯುವುದು ಕಷ್ಟ. ಇದಕ್ಕೆ ನಮ್ಮ ಗಿರಣಿಯದೇ ಒಂದು ಉದಾಹರಣೆ ಕೊಡುತ್ತೇನೆ. ನೂಲಿನ ನಂಬರನ್ನು ನಾವು ಇಂಗ್ಲಿಷ್ ಪದ್ಧತಿಯಲ್ಲಿ ಹೇಳುತ್ತೇವೆ. ಒಂದು ಪೌಂಡ್ ತೂಕದಲ್ಲಿ ೮೪೦ ಗಜದ ಎಷ್ಟು ಲಡಿಗಳಿವೆಯೋ ಅಷ್ಟು ನಂಬರು. ೪೦ರ ನೂಲು ೨೦ರ ನೂಲಿಗಿಂತ ನವಿರು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ಟೆಕ್ಸ್ ಎಂಬ ಇನ್ನೊಂದು ಪದ್ಧತಿಯಲ್ಲಿ ೧,೦೦೦ ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅದೇ ಸಂಖ್ಯೆ. ಅಲ್ಲಿ ನಮ್ಮ ೪೦ರ ನೂಲು ಸುಮಾರು ೧೪.೮, ೨೦ರ ನೂಲು ಸುಮಾರು ೨೯.೫. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ! ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಟೆಕ್ಸ್ ಪಟ್ಟಿಯೊಂದನ್ನು ಹಳೆಯ ಅಭ್ಯಾಸದಂತೆ ಜೋಡಿಸಿ, ಎಲ್ಲಕ್ಕಿಂತ ದಪ್ಪ ನೂಲನ್ನು ‘ಅತಿ ನವಿರು’ ಎಂದು ಬರೆದುಬಿಟ್ಟಿದ್ದೆ. ಜಾಬರು ಅದನ್ನು ಓದಿ, ಇಷ್ಟು ನವಿರಾದ ನೂಲಿನಿಂದ ಗೋಣಿಚೀಲ ನೇಯಬಹುದು ಎಂದು ನಕ್ಕರು. ಲೆಕ್ಕ ನನಗೆ ತಿಳಿಯದೆ ಇರಲಿಲ್ಲ.

ಗಣಕಗಳಲ್ಲಿಯೂ ಹೀಗೆಯೇ. ವಿಂಡೋಸಿನಲ್ಲಿ ಕಡತವೊಂದನ್ನು ಆರಿಸಿ ಎಂಟರ್ ಒತ್ತಿದರೆ ಅದು ತೆರೆಯುತ್ತದೆ. ಆಪಲ್ ಕಂಪನಿಯ ಮ್ಯಾಕಿನಲ್ಲಿ ಎಂಟರ್ ಒತ್ತಿದರೆ ಹೆಸರು ಬದಲಾಯಿಸಲು ಅಣಿಯಾಗುತ್ತದೆ. ಅಲ್ಲಿ ಕಿಟಕಿ ಮುಚ್ಚುವ ಗುಂಡಿ ಬಲಗಡೆ, ಇಲ್ಲಿ ಎಡಗಡೆ. ಲಿನಕ್ಸಿನಲ್ಲಿ ಬರಹವನ್ನು ನಕಲು ಮಾಡಲು ಕಂಟ್ರೋಲ್ ಮತ್ತು ಸಿ ಒತ್ತಬಹುದು; ಆದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅದನ್ನೇ ಒತ್ತಿದರೆ ನಡೆಯುತ್ತಿರುವ ಕೆಲಸ ನಿಂತುಹೋಗುತ್ತದೆ. ವಿಂಡೋಸಿನಲ್ಲಿ ಸಿ, ಡಿ ಎಂದು ಡ್ರೈವುಗಳ ಹೆಸರು. ಲಿನಕ್ಸಿನಲ್ಲಿ ಎಲ್ಲವೂ ಒಂದೇ ಮರದ ಕೊಂಬೆಗಳು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬರೆದರೆ ಒಂದು ಕಡತ, ಸಣ್ಣಕ್ಷರ ಬರೆದರೆ ಇನ್ನೊಂದು.

ಇದರಲ್ಲಿ ಮೊದಲ ದಿನ ಯಾರೂ ದೊಡ್ಡ ತಪ್ಪು ಮಾಡುವುದಿಲ್ಲ; ಹೆದರಿಕೆಯಿರುತ್ತದೆ. ತಪ್ಪುವುದು ಮೂರನೆಯ ವಾರ. ಸ್ವೀಡನ್ ದೇಶದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತಿದ್ದವು. ಬಲಕ್ಕೆ ಬದಲಾಯಿಸೋಣವೇ ಎಂದು ೧೯೫೫ರಲ್ಲಿ ಜನರನ್ನು ಕೇಳಿದಾಗ ಶೇಕಡಾ ೮೩ರಷ್ಟು ಮಂದಿ ಬೇಡವೆಂದರು. ಆದರೂ ಸರಕಾರವು ಹಲವು ವರ್ಷ ಸಿದ್ಧತೆ ಮಾಡಿ, ೧೯೬೭ರ ಸೆಪ್ಟೆಂಬರ್ ೩ರ ಬೆಳಗಿನ ೫ ಗಂಟೆಗೆ ಇಡೀ ದೇಶವನ್ನು ಒಟ್ಟಿಗೇ ಬಲಕ್ಕೆ ತಿರುಗಿಸಿತು. ಮೊದಮೊದಲು ಅಪಘಾತಗಳು ಹೆಚ್ಚಲಿಲ್ಲ, ಕಡಮೆಯಾದವು! ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓಡಿಸುತ್ತಿದ್ದರು. ಕ್ರಮೇಣ ಭಯ ಹೋಯಿತು, ಅಪಘಾತಗಳ ಸಂಖ್ಯೆ ಮತ್ತೆ ಮೊದಲಿನಷ್ಟಾಯಿತು.

ನನ್ನ ಅಪಘಾತವೂ ಮೂರನೆಯ ವಾರದಲ್ಲೇ ಆಯಿತು. ಈ ಪತ್ರಿಕೆಯ ಸಂಚಿಕೆಯೊಂದರ ಲೇಖನಗಳನ್ನೆಲ್ಲ ಪೆನ್‌ಡ್ರೈವಿಗೆ ಸರಿಸಿ, ಮುಗಿಯಿತೆಂದು ಪರದೆ ಹೇಳಿದೊಡನೆ ಕಿತ್ತುಕೊಂಡು ಮುದ್ರಣಾಲಯಕ್ಕೆ ಓಡಿದೆ. ಗಿರಣಿಯ ಯಂತ್ರದಲ್ಲಿ ಹಾಗೆ ಕಿತ್ತು ನನ್ನ ಕೈಗೆ ರೂಢಿ. ಲಿನಕ್ಸಿನಲ್ಲಿ ‘ಮುಗಿಯಿತು’ ಎಂದ ಮೇಲೂ ಸ್ವಲ್ಪ ಹೊತ್ತು ಬರಹವು ಯಂತ್ರದ ನೆನಪುಕೋಶದಲ್ಲೇ ಇದ್ದು, ಆಮೇಲೆ ಪೆನ್‌ಡ್ರೈವಿಗೆ ಇಳಿಯಬಹುದು. ‘ಇಜೆಕ್ಟ್’ ಒತ್ತಿ, ತೆಗೆಯಬಹುದೆಂಬ ಅಪ್ಪಣೆ ಬಂದ ಮೇಲೆಯೇ ತೆಗೆಯತಕ್ಕದ್ದು. ಇದನ್ನು ಸದಸ್ಯರಿಗಾಗಿ ಗೋಡೆಯ ಮೇಲೆ ಬರೆದು ಅಂಟಿಸಿದವನೂ ನಾನೇ. ಮುದ್ರಣಾಲಯದಲ್ಲಿ ನೋಡಿದರೆ ಐದು ಲೇಖನಗಳಲ್ಲಿ ಎರಡು ಇರಲಿಲ್ಲ, ಮೂಲವನ್ನೂ ನಾನು ಉಳಿಸಿರಲಿಲ್ಲ. ಆ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮತ್ತೆ ಒತ್ತಿದೆ. ಅಂದಿನಿಂದ ಸೂಚನೆಗಳ ಪುಸ್ತಕದ ಬೈಗುಳಗಳನ್ನು ಓದುವಾಗ ನನಗೆ ಸಿಟ್ಟು ಬರುವುದಿಲ್ಲ.

೫. ಕನ್ನಡ ಹೋದದ್ದೆಲ್ಲಿ?

ಇನ್ನು ಕಾಕಾ ಅವರ ‘ಕಲಿಲೈ’ಗೆ ಬರೋಣ. ಕನ್ನಡ ಒತ್ತಲು ಎರಡು ಮುಖ್ಯ ಕೀಲಿವಿನ್ಯಾಸಗಳುಂಟು. ಒಂದು, ಕೆ. ಪಿ. ರಾವ್ ಅವರು ರೂಪಿಸಿದ್ದು. ಕರ್ನಾಟಕ ಸರಕಾರವು ಮಾನ್ಯ ಮಾಡಿದ್ದು. ಇದನ್ನು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎನ್ನುವರು. ಇದರಲ್ಲಿ ‘ಕನ್ನಡ’ ಎನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳನ್ನು ಒತ್ತಬೇಕು. ನಡುವಣ ಎಫ್ ಒತ್ತಕ್ಷರಕ್ಕಾಗಿ. ಎರಡನೆಯದು ಇನ್‌ಸ್ಕ್ರಿಪ್ಟ್, ಭಾರತ ಸರಕಾರದ್ದು. ಅದರಲ್ಲಿ ಕೆ, ವಿ, ಡಿ, ವಿ, ಆಮೇಲೆ ಪಿ ಅಕ್ಷರದ ಪಕ್ಕದ ಚೌಕ ಆವರಣದ ಕೀಲಿ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಮರಾಠಿಯ ಕ ಎಲ್ಲಿದೆಯೋ ಕನ್ನಡದ ಕ ಅಲ್ಲೇ. ಎರಡೂ ಭಾಷೆಗಳಲ್ಲಿ ಬರೆಯುವ ನಮ್ಮ ಮಕ್ಕಳಿಗೆ ಇದು ದೊಡ್ಡ ಲಾಭ.

ನಾನು ಯಂತ್ರವನ್ನು ಸಜ್ಜುಗೊಳಿಸುವಾಗ ‘ಕನ್ನಡ’ ಎಂಬುದನ್ನು ಮಾತ್ರ ಆರಿಸಿ ಕೈತೊಳೆದುಕೊಂಡಿದ್ದೆ. ಅದು ಇನ್‌ಸ್ಕ್ರಿಪ್ಟ್. ಕಾಕಾ ಅವರ ಬೆರಳುಗಳಿಗೆ ಬರುವುದು ಕಗಪ. ಅವರು ಒತ್ತಿದ ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳಿಗೆ ಇನ್‌ಸ್ಕ್ರಿಪ್ಟಿನಲ್ಲಿ ಕ, ಲ, ಇಕಾರ, ಲ, ಐಕಾರ ಎಂಬ ಅರ್ಥ. ಆದುದರಿಂದ ‘ಕಲಿಲೈ’. ಅವರ ಕೈ ಒಂದು ಕೀಲಿಯನ್ನೂ ತಪ್ಪಿ ಒತ್ತಿರಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದು. ಕೀಲಿಮಣೆಯ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಎಂಬುದನ್ನು ಸೇರಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಪಟ್ಟಿಯ ವಿಷಯ ಹೆಚ್ಚು ಗಂಭೀರವಾದದ್ದು. ಹಿಂದೆ ಗಣಕಗಳಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಕೂಡಿಸಿ, ಅಂಥ ಫಾಂಟುಗಳಿಂದ ಕೆಲಸ ನಡೆಯಿಸುತ್ತಿದ್ದರು. ಆ ಫಾಂಟು ಇದ್ದಲ್ಲಿ ಕನ್ನಡ ಕಾಣುತ್ತದೆ. ಇಲ್ಲದಲ್ಲಿ ಮುಸುಕು ಕಳಚಿ ಇಂಗ್ಲಿಷ್ ಅಕ್ಷರಗಳ ರಾಶಿ ಹೊರಬೀಳುತ್ತದೆ. ಕಾಕಾ ಅವರ ಪಟ್ಟಿ ಅಂಥದು. ಹೊಸ ವ್ಯವಸ್ಥೆಗೆ ಆ ಫಾಂಟನ್ನು ನಾನು ತಂದಿರಲಿಲ್ಲ.

ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ೧೯೯೧ರಿಂದ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯುಂಟು. ‘ಅ’ ಎಂದರೆ ೩೨೦೫, ‘ಕ’ ಎಂದರೆ ೩೨೨೧. ಈ ಸಂಖ್ಯೆಗಳು ಯಾರ ಫಾಂಟಿಗೂ, ಯಾವ ಕಂಪನಿಯ ವ್ಯವಸ್ಥೆಗೂ ಸೇರಿದವಲ್ಲ. ಯುನಿಕೋಡಿನಲ್ಲಿ ಬರೆದದ್ದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್, ಕೈಯಲ್ಲಿರುವ ಫೋನು ಎಲ್ಲವೂ ಕನ್ನಡವೆಂದೇ ಗುರುತಿಸುತ್ತವೆ. ಮೂಲಪಟ್ಟಿಯ ನಕಲನ್ನು ಭದ್ರವಾಗಿಟ್ಟು, ಪರಿವರ್ತಕ ತಂತ್ರಾಂಶದಿಂದ ಇಡೀ ಪಟ್ಟಿಯನ್ನು ಯುನಿಕೋಡಿಗೆ ತಂದೆವು. ಹೀಗೆ ತರುವಾಗ, ಅರ್ಕಾವತ್ತು ಬರುವ ಪದಗಳಲ್ಲಿ ಮುಖ್ಯವಾಗಿ, ಅಕ್ಷರಗಳು ಹಿಂದುಮುಂದಾಗುವುದುಂಟು. ಯಂತ್ರವನ್ನು ನಂಬದೆ ಸಾಲುಸಾಲಾಗಿ ದಾಖಲೆ ಪುಸ್ತಕಕ್ಕೆ ಹೋಲಿಸಿ ನೋಡಲೇಬೇಕು. ಆ ಕೆಲಸಕ್ಕೆ ಕಣ್ಣೂ ತಾಳ್ಮೆಯೂ ಎರಡೂ ಇರುವವರು ನಮ್ಮಲ್ಲಿ ಒಬ್ಬರೇ. ಹೋಗಿ ಅವರನ್ನು ಕೇಳಿಕೊಂಡೆ.

೬. ಅಭ್ಯಾಸದ ಕ್ರಮ

ಬದಲಾವಣೆಯಿಂದ ಬೇಸತ್ತ ಸದಸ್ಯರು ಈ ಕೆಳಗಿನ ಕ್ರಮವನ್ನು ಅನುಸರಿಸಿ ನೋಡಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, ಬದಲಾಗದೆ ಉಳಿದದ್ದನ್ನು ಎಣಿಸಿರಿ. ಕಂಟ್ರೋಲ್ ಜೊತೆಗೆ ಸಿ, ಎಕ್ಸ್, ವಿ, ಝಡ್ ಒತ್ತಿದರೆ ನಕಲು, ಕತ್ತರಿ, ಅಂಟು, ಹಿಂದಕ್ಕೆ, ಇವು ಇಲ್ಲಿಯೂ ಹಾಗೆಯೇ ಇವೆ. ಈ ಕತ್ತರಿಸಿ ಅಂಟಿಸುವ ಕ್ರಮ ೧೯೭೦ರ ದಶಕದಲ್ಲಿ ಜೆರಾಕ್ಸ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡು, ಮುಂದೆ ಎಲ್ಲ ವ್ಯವಸ್ಥೆಗಳಿಗೂ ಹಬ್ಬಿತು. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮ ಕೈಯಲ್ಲೇ ಉಳಿದಿದೆ.

ಎರಡನೆಯದಾಗಿ, ಒಂದು ವಾರಕ್ಕೆ ಒಂದೇ ಹೊಸ ಅಭ್ಯಾಸ. ಈ ವಾರ ಪೆನ್‌ಡ್ರೈವ್ ತೆಗೆಯುವ ಕ್ರಮ, ಮುಂದಿನ ವಾರ ಕಡತ ಉಳಿಸುವ ಕ್ರಮ. ನಮ್ಮ ಲಿಬ್ರೆಆಫೀಸ್ ರೈಟರ್ ತನ್ನದೇ ಆದ ಓ.ಡಿ.ಟಿ. ರೂಪದಲ್ಲಿ ಉಳಿಸುತ್ತದೆ, ಅದು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ರೂಪ. ಹೊರಗಿನವರಿಗೆ ಕಳಿಸುವಾಗ ಮಾತ್ರ ಅವರು ಕೇಳಿದ ರೂಪದಲ್ಲಿ ಉಳಿಸಿರಿ.

ಮೂರನೆಯದಾಗಿ, ದಿನಕ್ಕೆ ಹತ್ತೇ ನಿಮಿಷವಾದರೂ ಸರಿ, ದಿನವೂ ಕೂಡಿರಿ. ರವಿವಾರ ಒಂದೇ ಸಲ ಎರಡು ಗಂಟೆ ಕುಳಿತರೆ ತಲೆಗೆ ತಿಳಿದೀತು, ಕೈಗೆ ಹತ್ತದು. ಮೊದಲು ನಿಧಾನವಾಗಿ, ತಪ್ಪಿಲ್ಲದಂತೆ. ವೇಗವು ತಾನಾಗಿ ಬರುತ್ತದೆ.

ನಾಲ್ಕನೆಯದಾಗಿ, ನನ್ನಂತೆ ಎರಡು ಕಡೆ ದುಡಿಯುವವರು ಎರಡು ಪರದೆಗಳ ಬಣ್ಣವನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿರಿ. ಗಿರಣಿಯದು ನೀಲಿ, ವಾಚನಾಲಯದ್ದು ಹಸುರು. ಹಸುರು ಕಂಡೊಡನೆ ಕೈ ಈಗ ಒಂದು ಕ್ಷಣ ತಡೆಯುತ್ತದೆ.

ಐದನೆಯದಾಗಿ, ತಾವು ಬರೆದದ್ದೆಲ್ಲವೂ ಯುನಿಕೋಡಿನಲ್ಲಿರಲಿ. ವ್ಯವಸ್ಥೆಗಳು ಮುಂದೆಯೂ ಬದಲಾಗುತ್ತವೆ. ಕೈ ಮತ್ತೆ ಕಲಿತೀತು. ಕಳೆದುಹೋದ ಬರಹ ಮಾತ್ರ ಮತ್ತೆ ಬಾರದು.

೭. ಕಾಕಾ ಹೇಳಿದ ಮಾತು

ಡಿಸೆಂಬರಿನಲ್ಲಿ ಕಾಕಾ ಮತ್ತೆ ಗಣಕದ ಮುಂದೆ ಕುಳಿತರು. ನಾನು ಪಕ್ಕದಲ್ಲಿ ದಾಖಲೆ ಪುಸ್ತಕ ಹಿಡಿದು ಓದುತ್ತಿದ್ದೆ. ಕಗಪದಲ್ಲಿ ಅವರ ಬೆರಳುಗಳು ಹಿಂದಿನಂತೆಯೇ ಓಡಿದವು. ಆದರೆ ಮೌಸು ಹಿಡಿದಾಗಲೆಲ್ಲ ಹಳೆಯ ಜಾಗಕ್ಕೇ ಹೋಗಿ, ಅಲ್ಲಿಲ್ಲದ ಗುಂಡಿಯನ್ನು ಹುಡುಕಿದವು. ಹಾಗೆ ಹುಡುಕುತ್ತಲೇ ಅವರು ತಮ್ಮ ತಂದೆಯ ವಿಷಯ ತೆಗೆದರು.

೧೯೫೭ರ ಏಪ್ರಿಲ್ ೧ರಂದು ನಮ್ಮ ದೇಶದಲ್ಲಿ ನಯಾ ಪೈಸೆ ಬಂತು. ಅದುವರೆಗೆ ರೂಪಾಯಿಗೆ ೧೬ ಆಣೆ. ಅಂದಿನಿಂದ ೧೦೦ ನಯಾ ಪೈಸೆ. ನಾಲ್ಕಾಣೆಗೆ ಸರಿಯಾಗಿ ೨೫. ಆದರೆ ಒಂದಾಣೆ ಎಂದರೆ ಆರೂಕಾಲು, ಕೊಡುವಾಗ ಆರೇ. ಮೂರಾಣೆಗೆ ೧೯. ಸಂತೆಯಲ್ಲಿ ಎಲ್ಲಿ ನೋಡಿದರೂ ಕಾಲು ಪೈಸೆಯ ಜಗಳ. ಕಾಕಾ ಆಗ ಹತ್ತು ವರ್ಷದ ಹುಡುಗ. ತಂದೆ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ.

‘ನಮ್ಮಪ್ಪ ಹೊಸಾ ಲೆಕ್ಕ ಒಂದs ದಿನಕ್ಕ ತಿಳ್ಕೊಂಡ, ತಮ್ಮಾ. ನನಗ ಕಲಿಸಿದಾಂವನೂ ಅಂವನs. ಆದ್ರ ಹೆಬ್ಬೆರಳು ಮಾತ್ರ ಒಂದೊಂದು ಬೆರಳಿಗೆ ನಾಕ ನಾಕು ಎಣಿಸಿ, ನಾಕು ಬೆರಳಿಗೆ ರೂಪಾಯಿ ಆತು ಅಂತ ನಿಂತುಬಿಡ್ತಿತ್ತು. ಸಾಯೂತನಕಾ ಹಂಗs ಎಣಿಸಿದ. ಯಾರೂ ಅವಗ ದಡ್ಡ ಅನ್ನಲಿಲ್ಲ.’

ನಿಜ. ೨೫ ಪೈಸೆಯ ನಾಣ್ಯವನ್ನು ೨೦೧೧ರಲ್ಲಿ ಚಲಾವಣೆಯಿಂದ ತೆಗೆಯುವವರೆಗೂ ನಾವೆಲ್ಲ ಅದನ್ನು ನಾಲ್ಕಾಣೆ ಎಂದೇ ಕರೆದೆವು. ಆಣೆಯನ್ನು ಕಣ್ಣಿನಿಂದಲೂ ಕಾಣದ ನಾನೂ ಹಾಗೆಯೇ ಕರೆದೆ. ಐವತ್ತು ವರ್ಷಕ್ಕೂ ಮಿಕ್ಕಿ ನಾಲಗೆ ಹಳೆಯ ಲೆಕ್ಕವನ್ನು ಬಿಡಲಿಲ್ಲ, ವ್ಯಾಪಾರವೂ ನಿಲ್ಲಲಿಲ್ಲ.

ಪುಸ್ತಕಗಳ ಪಟ್ಟಿಯ ಮೂರನೆಯ ಕಪಾಟಿನವರೆಗೆ ಪರಿಶೀಲನೆ ಮುಗಿದಿದೆ. ಉಳಿದ ಕಪಾಟುಗಳಿಗೆ ಓದಿ ಹೇಳುವವರು ಬೇಕಾಗಿದ್ದಾರೆ. ಗಣಕ ಬರಬೇಕೆಂದೇನೂ ಇಲ್ಲ, ಕನ್ನಡ ಓದಲು ಬಂದರೆ ಸಾಕು. ಹೊಸ ವ್ಯವಸ್ಥೆಯನ್ನು ಕಲಿಯಬಯಸುವವರಿಗೆ ಪ್ರತಿ ರವಿವಾರ ಬೆಳಿಗ್ಗೆ ೯ರಿಂದ ೧೧ರವರೆಗೆ ನಾನು ವಾಚನಾಲಯದಲ್ಲಿ ಇರುತ್ತೇನೆ. ಸೂಚನೆಗಳ ಪುಸ್ತಕವೂ ಅಲ್ಲೇ ಇರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬರೆದ ಮಹನೀಯರು ದಯವಿಟ್ಟು ಪ್ರಶ್ನೆಯನ್ನೂ ಬರೆಯಬೇಕಾಗಿ ವಿನಂತಿ.